ಲಂಡನ್ನಿನಿಂದ ಅಲಹಾಬಾದಿಗೆ: ಸಿವಿಲ್ ಸರ್ವಿಸ್ ಪರೀಕ್ಷೆಗಾಗಿ ನಡೆದ ಹೋರಾಟ

ಸಿವಿಲ್ ಸರ್ವಿಸ್ ಪರೀಕ್ಷೆ ಭಾರತದ ನೆಲದಲ್ಲೂ ನಡೆಯಬೇಕು ಎಂಬುದು ರಾಷ್ಟ್ರೀಯ ಚಳವಳಿಯ ಮೊದಮೊದಲ ಬೇಡಿಕೆಗಳಲ್ಲಿ ಒಂದು. ಇಂದು ಯುಪಿಎಸ್‌ಸಿ, ಕೆಪಿಎಸ್‌ಸಿ ಪರೀಕ್ಷೆಗಳಿಗೆ ಸ್ವಾತಂತ್ರ್ಯ ಹೋರಾಟದ ಇತಿಹಾಸ ಓದುವವರಿಗೆ ಅದು ಮಂದಗಾಮಿಗಳ ಬೇಡಿಕೆಗಳ ಪಟ್ಟಿಯಲ್ಲಿ ಒಂದೇ ಸಾಲಾಗಿ ಸಿಗುತ್ತದೆ. ಆ ಸಾಲಿನ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಜಗ್ಗಾಟವಿದೆ.

ಧರ್ಮ, ಹುಟ್ಟು, ಬಣ್ಣದ ಕಾರಣಕ್ಕೆ ಯಾವ ಭಾರತೀಯನಿಗೂ ಈಸ್ಟ್ ಇಂಡಿಯಾ ಕಂಪನಿಯ ಹುದ್ದೆ ನಿರಾಕರಿಸಬಾರದು ಎಂದು 1833ರ ಚಾರ್ಟರ್ ಕಾಯ್ದೆಯೇ ಹೇಳಿತ್ತು. ಆದರೆ ದೊಡ್ಡ ಹುದ್ದೆಗಳು ಕಂಪನಿಯ ನಿರ್ದೇಶಕರ ಕೈಯಲ್ಲಿದ್ದವು; ಅವರು ತಮ್ಮ ಬಳಗದ ಹುಡುಗರನ್ನೇ ನೇಮಿಸುತ್ತಿದ್ದರು. 1853ರ ಕಾಯ್ದೆ ಈ ಪದ್ಧತಿಯನ್ನು ತೆಗೆದು ಸ್ಪರ್ಧಾ ಪರೀಕ್ಷೆಯನ್ನು ತಂದಿತು. ಮೆಕಾಲೆಯ ಸಮಿತಿ ಅದರ ನಕ್ಷೆ ಹಾಕಿಕೊಟ್ಟಿತು. ಮೊದಲ ಪರೀಕ್ಷೆ 1855ರಲ್ಲಿ ಲಂಡನ್ನಿನಲ್ಲಿ ನಡೆಯಿತು.

ಬಾಗಿಲು ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ಅಂಕಗಳ ಹಂಚಿಕೆ ನೋಡಿದರೆ ಒಳಗಿನ ಲೆಕ್ಕ ತಿಳಿಯುತ್ತದೆ. ಆ ಮೊದಲ ಯೋಜನೆಯಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ ಮತ್ತು ಚರಿತ್ರೆಗೆ 1500 ಅಂಕ, ಗಣಿತಕ್ಕೆ 1000, ಗ್ರೀಕ್ ಮತ್ತು ಲ್ಯಾಟಿನ್‌ಗಳಿಗೆ ತಲಾ 750. ಸಂಸ್ಕೃತಕ್ಕೆ 375, ಅರಬ್ಬಿಗೂ ಅಷ್ಟೇ. ಭಾರತವನ್ನು ಆಳಲು ಹೊರಡುವವನಿಗೆ ಗ್ರೀಕಿನ ಅರ್ಧದಷ್ಟು ಸಂಸ್ಕೃತ ಬಂದರೆ ಸಾಕಿತ್ತು. ಇದರ ಜೊತೆಗೆ ಹಡಗಿನ ಖರ್ಚು, ಲಂಡನ್ನಿನ ವಾಸ, ಸಮುದ್ರ ದಾಟಿದವನಿಗೆ ಊರಿನಲ್ಲಿ ಕಾದಿರುತ್ತಿದ್ದ ಬಹಿಷ್ಕಾರ. ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್, ವರ್ಷ 1863.

1869ರಲ್ಲಿ ಒಟ್ಟಿಗೆ ನಾಲ್ವರು ಭಾರತೀಯರು ಪಾಸಾದರು: ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ, ಶ್ರೀಪಾದ ಬಾಬಾಜಿ ಠಾಕೂರ್. ಕೊನೆಯ ಇಬ್ಬರನ್ನು ವಯಸ್ಸು ಮೀರಿದೆಯೆಂದು ಕೈಬಿಡಲಾಯಿತು. ಸುರೇಂದ್ರನಾಥರು ಮೆಟ್ರಿಕ್ಯುಲೇಶನ್ ಹೊತ್ತಿಗೆ ತಮಗೆ ಹದಿನಾರು ಎಂದು ಬರೆಸಿದ್ದರು. ನಡೆಯುತ್ತಿರುವ ವರ್ಷವನ್ನೇ ವಯಸ್ಸಾಗಿ ಹೇಳುವುದು ನಮ್ಮ ಕಡೆಯ ರೂಢಿ. ಲಂಡನ್ನಿನ ಅಧಿಕಾರಿಗಳು ಅದನ್ನು ತುಂಬಿದ ವರ್ಷವೆಂದು ಎಣಿಸಿದರು. ಸುರೇಂದ್ರನಾಥರು ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೆಟ್ಟಿಲೇರಿ ಹುದ್ದೆಯನ್ನು ಮರಳಿ ಪಡೆದರು. 1871ರಲ್ಲಿ ಸಿಲ್ಹಟ್‌ಗೆ ಹೋದ ಅವರನ್ನು, ಒಂದು ಮೊಕದ್ದಮೆಯ ಕಡತದಲ್ಲಾದ ಲೋಪಕ್ಕಾಗಿ, 1874ರಲ್ಲಿ ಕೆಲಸದಿಂದಲೇ ತೆಗೆದುಹಾಕಲಾಯಿತು. ತಪ್ಪಿಗೂ ಶಿಕ್ಷೆಗೂ ತಾಳೆಯಿರಲಿಲ್ಲ. ಸರ್ಕಾರ ಒಬ್ಬ ಅಧಿಕಾರಿಯನ್ನು ಕಳೆದುಕೊಂಡಿತು, ದೇಶಕ್ಕೆ ಒಬ್ಬ ನಾಯಕ ಸಿಕ್ಕ.

1876ರಲ್ಲಿ ಅವರೂ ಆನಂದಮೋಹನ ಬೋಸರೂ ಕಲ್ಕತ್ತೆಯಲ್ಲಿ ಇಂಡಿಯನ್ ಅಸೋಸಿಯೇಶನ್ ಕಟ್ಟಿದರು. ಅದೇ ವರ್ಷ ಭಾರತ ಮಂತ್ರಿ ಲಾರ್ಡ್ ಸಾಲಿಸ್‌ಬರಿ ಪರೀಕ್ಷೆಯ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಲು ತೀರ್ಮಾನಿಸಿದ. ಹತ್ತೊಂಬತ್ತರೊಳಗೆ ಭಾರತದ ಹುಡುಗ ಇಂಗ್ಲಿಷ್ ಕಲಿತು, ಕಡಲು ದಾಟಿ, ಇಂಗ್ಲೆಂಡಿನ ಶಾಲೆಗಳಲ್ಲಿ ಓದಿದವರ ಎದುರು ಗೆಲ್ಲುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಇದನ್ನು ಪ್ರತಿಭಟಿಸಿ ಸುರೇಂದ್ರನಾಥರು 1877ರಲ್ಲಿ ಲಾಹೋರ್, ದೆಹಲಿ, ಅಲಹಾಬಾದ್ ಮೊದಲಾದ ಉತ್ತರದ ಊರುಗಳಲ್ಲೂ ಮರುವರ್ಷ ಮುಂಬಯಿ, ಮದ್ರಾಸ್ ಕಡೆಗಳಲ್ಲೂ ಸಭೆ ನಡೆಸಿದರು. ಒಂದೇ ಪ್ರಶ್ನೆಯ ಮೇಲೆ ದೇಶದ ಬೇರೆಬೇರೆ ಪ್ರಾಂತಗಳು ಒಂದಾಗಿ ದನಿಯೆತ್ತಿದ್ದು ಬಹುಶಃ ಇದೇ ಮೊದಲು. ಕಾಂಗ್ರೆಸ್ಸಿನ ಹುಟ್ಟಿಗೆ ಇನ್ನೂ ಎಂಟು ವರ್ಷವಿತ್ತು.

1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಮೊದಲ ಕಾಂಗ್ರೆಸ್ ಅಧಿವೇಶನ ಭಾರತ, ಇಂಗ್ಲೆಂಡ್ ಎರಡೂ ದೇಶಗಳಲ್ಲಿ ಏಕಕಾಲಕ್ಕೆ ಪರೀಕ್ಷೆ ನಡೆಯಲಿ, ವಯಸ್ಸಿನ ಮಿತಿ 23ಕ್ಕೆ ಏರಲಿ ಎಂದು ನಿರ್ಣಯ ಮಾಡಿತು. ಇದು ಕೆಲವು ವಿದ್ಯಾವಂತರ ನೌಕರಿಯ ಆಸೆ ಮಾತ್ರ ಎಂದು ಅಂದೂ ಹೀಗಳೆದವರಿದ್ದರು. ಆ ಮಾತು ಪೂರ್ತಿ ಸುಳ್ಳಲ್ಲದಿದ್ದರೂ ನ್ಯಾಯವಾದದ್ದಲ್ಲ. ಬಿಳಿಯ ಅಧಿಕಾರಿಗಳ ಸಂಬಳ, ಪಿಂಚಣಿಗಳ ರೂಪದಲ್ಲಿ ದೇಶದ ಹಣ ಹೊರಗೆ ಹರಿಯುತ್ತಿದೆ ಎಂದು ದಾದಾಭಾಯಿ ನವರೋಜಿ ತೋರಿಸಿದ್ದರು. ಹುದ್ದೆಯ ಪ್ರಶ್ನೆ ಬಡತನದ ಪ್ರಶ್ನೆಯೂ ಆಗಿತ್ತು.

1886ರಲ್ಲಿ ನೇಮಕವಾದ ಐಚಿಸನ್ ಆಯೋಗ ವಯಸ್ಸಿನ ಬೇಡಿಕೆಯನ್ನು ಒಪ್ಪಿತು, ಏಕಕಾಲದ ಪರೀಕ್ಷೆಯನ್ನು ತಳ್ಳಿಹಾಕಿತು. 1893ರಲ್ಲಿ, ನವರೋಜಿ ಸದಸ್ಯರಾಗಿದ್ದಾಗ, ಬ್ರಿಟನ್ನಿನ ಕಾಮನ್ಸ್ ಸಭೆಯೇ ಬೇಡಿಕೆಯ ಪರವಾಗಿ ನಿರ್ಣಯ ಮಾಡಿತು. ಸರ್ಕಾರ ಅದನ್ನೂ ಜಾರಿಗೆ ತರಲಿಲ್ಲ.

ಇತ್ತ ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ 1891ರಲ್ಲೇ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಆರಂಭಿಸಿದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹೀಗೆ ಆಯ್ಕೆಯಾದವರು. ಪರೀಕ್ಷೆ ಮನೆಯ ಹತ್ತಿರ ಬಂದರೂ ಎಲ್ಲರಿಗೂ ಎಟುಕಲಿಲ್ಲ ಎಂಬುದಕ್ಕೂ ಮೈಸೂರೇ ಸಾಕ್ಷಿ. ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ಅಸಮಾಧಾನದಿಂದ 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಹಿಂದುಳಿದ ಸಮುದಾಯಗಳಿಗೆ ನೇಮಕದಲ್ಲಿ ಆದ್ಯತೆ ಕೊಡಲು ಅದು ಶಿಫಾರಸು ಮಾಡಿತು.

ಕೊನೆಗೆ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಫಲವಾಗಿ 1922ರಲ್ಲಿ ಅಲಹಾಬಾದಿನಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ (ಐಸಿಎಸ್) ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಚಳವಳಿಯೇ ಬಹಳ ಮುಂದೆ ಸಾಗಿತ್ತು. ಗಾಂಧೀಜಿಯ ಅಸಹಕಾರದ ಕರೆಗೆ ವಕೀಲರು ನ್ಯಾಯಾಲಯಗಳನ್ನು, ವಿದ್ಯಾರ್ಥಿಗಳು ಸರ್ಕಾರಿ ಕಾಲೇಜುಗಳನ್ನು ಬಿಟ್ಟು ಬಂದಿದ್ದರು. 1920ರ ಪರೀಕ್ಷೆಯಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ್ದ ಸುಭಾಷ್‌ಚಂದ್ರ ಬೋಸ್ 1921ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಒಳಗೇ ಉಳಿದವರಲ್ಲೂ ದೇಶಕ್ಕೆ ಒದಗಿದವರಿದ್ದರು: ಮಂಗಳೂರಿನ ಬೆನೆಗಲ್ ನರಸಿಂಗ ರಾಯರು ಐಸಿಎಸ್ ಅಧಿಕಾರಿಯಾಗಿದ್ದು, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದರು.

ಲೀ ಆಯೋಗದ ಶಿಫಾರಸಿನಂತೆ 1926ರ ಅಕ್ಟೋಬರ್ 1ರಂದು ಲೋಕಸೇವಾ ಆಯೋಗ ಆರಂಭವಾಯಿತು. 1935ರ ಕಾಯ್ದೆಯಡಿ ಫೆಡರಲ್ ಆಯೋಗವಾಗಿ, 1950ರ ಜನವರಿ 26ರಿಂದ ಯುಪಿಎಸ್‌ಸಿ ಎಂಬ ಹೆಸರಿನಲ್ಲಿ ಅದು ಮುಂದುವರಿಯಿತು. ಭಾಷೆಯ ಗೋಡೆ ಬೀಳಲು ಇನ್ನಷ್ಟು ಕಾಲ ಹಿಡಿಯಿತು. ಕೊಠಾರಿ ಸಮಿತಿಯ ವರದಿಯ ಬಳಿಕ, 1979ರ ಪರೀಕ್ಷೆಯಿಂದ, ಕನ್ನಡವೂ ಸೇರಿ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಉತ್ತರ ಬರೆಯುವ ಅವಕಾಶ ದೊರೆಯಿತು.