ಮಾವಿನ ಬುಡಕ್ಕೆ ಗೊಬ್ಬರ ಹೊತ್ತವರು

ಶ್ರೀನಿವಾಸಪುರದ ಮಾವು ಅಂದರೆ ಎಲ್ಲರ ಬಾಯಲ್ಲೂ ನೀರು. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಂದು ತಳಿಗಳ ಹೆಸರು ಹೇಳುವವರುಂಟು. ತೋಟ ಯಾರದು ಎಂದು ಕೇಳುವವರೂ ಉಂಟು. ಬುಡಕ್ಕೆ ಗೊಬ್ಬರ ಹೊತ್ತೋರು ಯಾರು ಅಂತ ಕೇಳಿದವರನ್ನು ಮಾತ್ರ ನಾವು ಕಂಡಿಲ್ಲ. ಗೆಳೆಯರೆ, ಗೊಬ್ಬರಕ್ಕೂ ಒಂದು ಚರಿತ್ರೆ ಇದೆ. ಅದು ನಮ್ಮ ಕೇರಿಯವರ ತಲೆಯ ಮೇಲೆ ನಡೆದ ಚರಿತ್ರೆ.

ಕೋಲಾರದ ಕೆಂಪು ನೆಲಕ್ಕೆ ಹಿಂದೆ ಇದ್ದದ್ದು ತಿಪ್ಪೆ ಗೊಬ್ಬರ, ಕೆರೆಗೋಡು, ಹೊಂಗೆ ಸೊಪ್ಪು, ಹೊಂಗೆ ಹಿಂಡಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಅಗೆದು, ಮಂಕರಿ ತುಂಬಿ, ಒಡೆಯರ ಹೊಲಕ್ಕೆ ಸುರಿಯೋದು ಕೇರಿಯವರ ಪಾಲಿನ ದುಡಿಮೆ. ಆ ಕೆರೆಯ ನೀರನ್ನು ನಾವು ಮುಟ್ಟಿದರೆ ಮೈಲಿಗೆ. ಅದೇ ಕೆರೆಯ ಮಣ್ಣು ಹೊತ್ತು ಹಾಕಿದರೆ ಮೈಲಿಗೆಯಿಲ್ಲ! ಇದು ಯಾವ ಶಾಸ್ತ್ರದ ಲೆಕ್ಕ?

ಮೂಳೆಯ ಕಥೆ ಇನ್ನೂ ದೊಡ್ಡದು. ಸತ್ತ ದನ ಎಳೆದು, ಚರ್ಮ ಸುಲಿದು, ಮೂಳೆ ಆಯುವುದನ್ನು ನಮ್ಮವರ ಹಣೆಗೆ ಕಟ್ಟಿದರು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಗಂಧಕಾಮ್ಲದಿಂದ ಸೂಪರ್ ಫಾಸ್ಫೇಟ್ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೂಳೆಯೂ ಕಚ್ಚಾಮಾಲು. ಆ ಶತಮಾನದಲ್ಲಿ ನಮ್ಮ ದೇಶದ ದನದ ಮೂಳೆ ಹಡಗು ಹತ್ತಿ ಬಿಳಿಯರ ಹೊಲ ಸೇರಿತು. ಇಲ್ಲಿಯೂ ಮೂಳೆ ಪುಡಿ ಚೀಲ ಕಟ್ಟಿಕೊಂಡು ಅಂಗಡಿಗೆ ಬಂತು. ಅದರಲ್ಲಿ ನೂರಕ್ಕೆ ಸುಮಾರು 20 ಪಾಲು ರಂಜಕವಿದೆ, ಮರಕ್ಕೆ ಒಳ್ಳೆಯದು ಅಂದರು. ಚೀಲ ಸೇರಿದ ಮೂಳೆ ಮಡಿಯಾಯಿತು. ಆಯ್ದ ಕೈ ಮೈಲಿಗೆಯಾಗೇ ಉಳಿಯಿತು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದಾಗ ಅಲುಗಾಡಿದ್ದು ಈ ವ್ಯವಸ್ಥೆಯ ಬುಡವೇ.

ಇನ್ನೊಂದು ಗೊಬ್ಬರ ಇದೆ, ಹೆಸರು ಹೇಳೋಕೆ ಎಲ್ಲರಿಗೂ ನಾಚಿಕೆ. 1939ರಲ್ಲಿ ಸಿ.ಎನ್. ಆಚಾರ್ಯರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಕೊಳೆಸುವ ಕ್ರಮ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದು 'ಬೆಂಗಳೂರು ವಿಧಾನ'. ವಿಧಾನಕ್ಕೆ ಹೆಸರು ಬಂತು. ಆದರೆ ಗುಂಡಿಯ ತನಕ ಮಲ ತಾನಾಗಿ ನಡೆದು ಹೋಗುತ್ತದೆಯೇ? ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ನ್ಯಾಯ ಕೇಳಬೇಕಾಯಿತು.

ಆಮೇಲೆ ಕಾರ್ಖಾನೆ ಗೊಬ್ಬರ ಬಂತು. 1951ರಲ್ಲಿ ಸಿಂದ್ರಿ, 1976ರಲ್ಲಿ ಮಂಗಳೂರು. ಯೂರಿಯಾಗೆ ಜಾತಿಯಿಲ್ಲ, ಯಾರು ಎರಚಿದರೂ ಕರಗುತ್ತೆ. ತಲೆ ಮೇಲಿನ ಮಂಕರಿ ಇಳಿಯಿತು, ಚೀಲ ಬೆನ್ನಿಗೆ ಬಂತು. ನೆಲ ಮಾತ್ರ ನಮ್ಮದಾಗಲಿಲ್ಲ.

ಈ ವಿದ್ಯೆ ನಮ್ಮ ಹುಡುಗರಿಗೂ ಗೊತ್ತಿರಲಿ. ಗಿಡಕ್ಕೆ ವಯಸ್ಸಿನ ವರ್ಷಕ್ಕೆ 170 ಗ್ರಾಂ ಯೂರಿಯಾ, 110 ಗ್ರಾಂ ಸೂಪರ್ ಫಾಸ್ಫೇಟ್, 115 ಗ್ರಾಂ ಪೊಟ್ಯಾಷ್. ಹತ್ತು ವರ್ಷ ತುಂಬಿದ ಮರಕ್ಕೆ ಪ್ರತಿ ವರ್ಷ 1.7 ಕಿಲೋ, 1.1 ಕಿಲೋ, 1.15 ಕಿಲೋ. ಜೊತೆಗೆ ತಿಪ್ಪೆ ಗೊಬ್ಬರ ಇರಲೇಬೇಕು. ಅರ್ಧ ಪಾಲು ಕೊಯ್ಲು ಮುಗಿದ ಮೇಲೆ ಮುಂಗಾರಿನ ಹಸಿಯಲ್ಲಿ, ಉಳಿದರ್ಧ ಅಕ್ಟೋಬರಿನಲ್ಲಿ. ಕಾಂಡಕ್ಕೆ ಒತ್ತಿ ಸುರಿಯಬೇಡಿ. ಕೊಂಬೆಯ ನೆರಳು ಮುಗಿಯುವಲ್ಲಿ ಸುತ್ತ ಪಾತಿ ತೆಗೆದು ಹಾಕಿ, ಉಣ್ಣುವ ಬೇರು ಇರೋದು ಅಲ್ಲಿ. ನಮ್ಮಂಥ ಬಿಸಿ ಸೀಮೆಯಲ್ಲಿ ಮಾವು ಹೂ ಬಿಡೋಕೆ ಮುಂಚೆ ಒಂದಿಷ್ಟು ಒಣಹವೆ, ಚಳಿ ಬೇಕು. ಆಗ ಯೂರಿಯಾ ಕೊಟ್ಟು ನೀರು ಕಟ್ಟಿದರೆ ಎಲೆ ಚಿಗುರುತ್ತೆ, ಹೂವಿಲ್ಲ.

ಆದರೆ ಹತ್ತು ವರ್ಷದ ಈ ಲೆಕ್ಕ ಯಾರಿಗೆ? ಹತ್ತು ವರ್ಷ ಒಂದೇ ನೆಲದಲ್ಲಿ ನಿಲ್ಲುವವನಿಗೆ. ಕೂಲಿಯವನ ಲೆಕ್ಕ ಸಂಜೆಗೆ ಮುಗಿಯುತ್ತೆ. ಸರ್ಕಾರ ಕೊಟ್ಟ ಜಮೀನು ಸಾಲಕ್ಕೆ, ಮದುವೆಗೆ, ಹೆದರಿಕೆಗೆ ಕೈಬಿಟ್ಟು ಹೋದದ್ದು ಎಷ್ಟೋ. ಆ ನೆಲ ಮರಳಿ ಕೊಡಿಸಲೆಂದೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಬಂದಿರಿ ಎಂದು 2017ರ ನಂತರ ನ್ಯಾಯಾಲಯಗಳಲ್ಲಿ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ತಿದ್ದುಪಡಿಯಾಗಿ, ಅರ್ಜಿಗೆ ಕಾಲಮಿತಿಯಿಲ್ಲ ಎಂದಾಯಿತು.

ಮೇಷ್ಟ್ರುಗಳೇ, ಮಾವಿನ ಪಾಠ ಮಾಡುವಾಗ ಗೊಬ್ಬರದ ಪಾಠವನ್ನೂ ಮಾಡಿ. ಸಂಗಾತಿಗಳೇ, ಕೇರಿಯಲ್ಲಿ ಒಂದೊಂದು ಮನೆಯ ಹಳೇ ಪಹಣಿ, ಸಾಗುವಳಿ ಚೀಟಿ ಬಿಚ್ಚಿ ನೋಡಿ. ಗೊಬ್ಬರ ಹೊತ್ತವರ ನೆಲ ಎಲ್ಲಿದೆ ಅನ್ನೋದು ಅಲ್ಲೇ ಬರೆದಿದೆ.