ಒಂದೇ ಸೂರಿನಿಂದ ನಾಲ್ಕು ಕಿಲೋಮೀಟರಿಗೆ

ಒಂದು ಕಡೆ ಶಾಲೆಗೆ ಹೋಗುವ ಮಕ್ಕಳು, ಇನ್ನೊಂದು ಕಡೆ ಕೈಕಾಲು ಸೋತ ತಂದೆ ತಾಯಿ. ನಡುವೆ ದುಡಿಯುವ ದಂಪತಿಯದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ. ಮನೆ ಎಷ್ಟು ದೊಡ್ಡದಿರಬೇಕು, ಯಾರ ಹತ್ತಿರ ಇರಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಸಿಂಗಪುರದಲ್ಲಿ ಈ ಪ್ರಶ್ನೆ ಸರ್ಕಾರದ ತಲೆನೋವೂ ಹೌದು. ಅಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ವಾಸಿಸುವುದು ಸರ್ಕಾರಿ ಗೃಹಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ.

1960ರಲ್ಲಿ ಈ ಮಂಡಳಿ ಸ್ಥಾಪನೆಯಾದಾಗ ಇದ್ದ ಚಿಂತೆಯೇ ಬೇರೆ. 1961ರ ಮೇ ತಿಂಗಳಲ್ಲಿ ಬುಕಿಟ್ ಹೋ ಸ್ವೀ ಎಂಬಲ್ಲಿನ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 16 ಸಾವಿರ ಜನ ಮನೆ ಕಳೆದುಕೊಂಡರು. ಆಗ ಅವಸರದಲ್ಲಿ ಎದ್ದ ಫ್ಲ್ಯಾಟುಗಳು ಚಿಕ್ಕವು. ಅಜ್ಜ-ಅಜ್ಜಿ, ಮಗ-ಸೊಸೆ, ಮೊಮ್ಮಕ್ಕಳು ಒಟ್ಟಿಗಿರಲು ಅವುಗಳಲ್ಲಿ ಸ್ಥಳವಿರಲಿಲ್ಲ. ಮದುವೆಯಾದ ಮಕ್ಕಳು ಹೊಸ ಬಡಾವಣೆಗಳಿಗೆ ಹೊರಟರು, ಹಿರಿಯರು ಹಳೆಯ ಫ್ಲ್ಯಾಟುಗಳಲ್ಲಿ ಉಳಿದರು.

ಅಗಲಿದವರನ್ನು ಮತ್ತೆ ಒಂದುಗೂಡಿಸಲು ಮಂಡಳಿ 1987ರಲ್ಲಿ ಹೊಸ ನಕ್ಷೆ ತಂದಿತು. ದೊಡ್ಡ ಫ್ಲ್ಯಾಟಿಗೆ ತಗುಲಿಕೊಂಡಂತೆ ಹಿರಿಯರಿಗೊಂದು ಪುಟ್ಟ ಮನೆ, ಅದಕ್ಕೆ ಬೇರೆಯೇ ಬಾಗಿಲು. ಆದರೆ ಬೇಡಿಕೆ ಬರಲಿಲ್ಲ. ಕಟ್ಟಿದ್ದು ನಾಲ್ಕು ನೂರಕ್ಕಿಂತ ಕಡಿಮೆ.

1995ರಲ್ಲಿ ಕಾನೂನೇ ಬಂದಿತು. ತಮ್ಮನ್ನು ತಾವು ಸಲಹಿಕೊಳ್ಳಲಾಗದ, 60 ದಾಟಿದ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದೆಂದು ಅದು ಹೇಳಿತು. ಇಂಥದೇ ಕಾಯ್ದೆಯನ್ನು ಭಾರತ 2007ರಲ್ಲಿ ಮಾಡಿತು. ಆದರೆ ಕಾನೂನು ಹಣ ಕೊಡಿಸೀತು, ಜೊತೆಗಿರುವಂತೆ ಮಾಡಲಾರದು.

2013ರಲ್ಲಿ ಮಂಡಳಿ ಮೂರು ತಲೆಮಾರಿನ ಫ್ಲ್ಯಾಟುಗಳನ್ನು ಪ್ರಕಟಿಸಿತು. ನಾಲ್ಕು ಮಲಗುವ ಕೋಣೆ, ಮೂರು ಬಚ್ಚಲು. ಜೊತೆಗೊಂದು ಷರತ್ತು: ಮಾರುವುದಾದರೆ ಅಂಥದೇ ಮತ್ತೊಂದು ಕುಟುಂಬಕ್ಕೆ ಮಾರಬೇಕು. ಇಲ್ಲಿಯೇ ಇಕ್ಕಟ್ಟು. ಹಿರಿಯರು ತೀರಿಕೊಂಡು, ಮಕ್ಕಳು ರೆಕ್ಕೆ ಬಲಿತು ಹಾರಿದ ಮೇಲೆ ಆ ದೊಡ್ಡ ಮನೆಯನ್ನು ಕೊಳ್ಳುವವರು ಕೆಲವರೇ. ಮೂರು ತಲೆಮಾರು ಒಟ್ಟಿಗೆ ಬಾಳುವುದು ಹತ್ತು-ಹದಿನೈದು ವರ್ಷವಿರಬಹುದು, ಸಾಲದ ಕಂತು ಅದಕ್ಕಿಂತ ದೀರ್ಘ.

ಕೊನೆಗೆ ಸರ್ಕಾರ ಸೂರಿನ ಬದಲು ದೂರವನ್ನು ಅಳೆಯತೊಡಗಿತು. ಹಳೆಯ ಫ್ಲ್ಯಾಟು ಕೊಂಡು ತಂದೆ ತಾಯಿಯ ಜೊತೆಗೋ ಸಮೀಪವೋ ನೆಲೆಸುವವರಿಗೆ 2015ರಲ್ಲಿ ಸಹಾಯಧನ ಆರಂಭವಾಯಿತು. 2018ರಲ್ಲಿ ‘ಸಮೀಪ’ ಎಂದರೆ ನಾಲ್ಕು ಕಿಲೋಮೀಟರಿನೊಳಗೆ ಎಂದು ನಿಗದಿಯಾಯಿತು. ಒಂದೇ ಮನೆಯಲ್ಲಿದ್ದರೆ ಕುಟುಂಬಕ್ಕೆ 30 ಸಾವಿರ ಸಿಂಗಪುರ ಡಾಲರ್, ಹತ್ತಿರದಲ್ಲಿದ್ದರೆ 20 ಸಾವಿರ.

ಒಟ್ಟಿಗಿದ್ದರೆ ಒಳ್ಳೆಯದೆಂಬ ಸರ್ಕಾರದ ಒಲವು ಈ ಅಂಕಿಗಳಲ್ಲೇ ಇದೆ. ಆದರೂ ಎರಡನೆಯ ಬಾಗಿಲಿಗೂ ಅದು ಬೆಲೆ ಕೊಟ್ಟಿದೆ. ಬೇರೆ ಮನೆ ಮಾಡಿದವರೆಲ್ಲ ಹಿರಿಯರನ್ನು ಕೈಬಿಟ್ಟವರಲ್ಲ ಎಂದು ಒಪ್ಪಲು ಅದಕ್ಕೆ ಅರ್ಧ ಶತಮಾನವೇ ಬೇಕಾಯಿತು.