ಅಳಿಸಿದ ಹೆಸರು, ಉಳಿದ ಫೋಟೊ

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟ ನಮ್ಮ ಶಾಲೆ ಮೈದಾನದ ಕಾಲ್ಚೆಂಡಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಾಳಿಗಳ ಸಾಲು ಸೀಳಿ ಓಡಬೇಕು. ಹಾಗೆ ಓಡುವವನಿಗೆ ಈಗ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ, ಹಿಂದೆ ಹಾಫ್‌ಬ್ಯಾಕ್ ಅನ್ನುತ್ತಿದ್ದರು. ಅಂಥವರಲ್ಲಿ ಜಿಮ್ ಥಾರ್ಪ್‌ನ ಹೆಸರು ದೊಡ್ಡದು. ಅವನ ಹಳೆಯ ಫೋಟೊಗಳನ್ನು ಜನ ಇವತ್ತಿಗೂ ಹುಡುಕಿ ಕೂಡಿಡುತ್ತಾರೆ. ಯಾಕೆ ಅಂತ ತಿಳಿಯಲು ಅವನ ಕಥೆ ಗೊತ್ತಿರಬೇಕು.

ಥಾರ್ಪ್ ಸ್ಯಾಕ್ ಅಂಡ್ ಫಾಕ್ಸ್ ಎಂಬ ಮೂಲನಿವಾಸಿ ಪಂಗಡದವನು. ಹುಟ್ಟಿದ್ದು ಇಂದಿನ ಒಕ್ಲಹೋಮಾದಲ್ಲಿ, ಓದಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯಲ್ಲಿ. 1879ರಲ್ಲಿ ಶುರುವಾದ ಆ ಶಾಲೆಯಲ್ಲಿ ಮಕ್ಕಳ ಉದ್ದ ಕೂದಲು ಕತ್ತರಿಸುತ್ತಿದ್ದರು. ಮನೆಮಾತು ಆಡಿದರೆ ಶಿಕ್ಷೆ. ಮಕ್ಕಳು ಸೇರುವಾಗೊಂದು, ಆಮೇಲೊಂದು ಫೋಟೊ ತೆಗೆಸಿ, ತಾವು ಅವರನ್ನು ತಿದ್ದಿದ್ದಕ್ಕೆ ಸಾಕ್ಷಿ ಎಂಬಂತೆ ಹಂಚುತ್ತಿದ್ದರು. ಅದೇ ಶಾಲೆಯ ತಂಡ 1911ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 18-15ರಿಂದ ಸೋಲಿಸಿತು. 1912ರಲ್ಲಿ ಸೇನಾ ಅಕಾಡೆಮಿಯ ತಂಡವನ್ನು 27-6ರಿಂದ ಮಣಿಸಿತು. ಎರಡರಲ್ಲೂ ಥಾರ್ಪ್ ಇದ್ದ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅವನು ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಹಿಂದೆ ಬೇಸ್‌ಬಾಲ್ ಆಡಿ ಅಲ್ಪಸ್ವಲ್ಪ ದುಡ್ಡು ತಗೊಂಡಿದ್ದ ಎಂಬ ಕಾರಣಕ್ಕೆ 1913ರಲ್ಲಿ ಪದಕ ಕಿತ್ತುಕೊಂಡರು, ದಾಖಲೆಯಿಂದ ಹೆಸರು ತೆಗೆದರು. 1953ರಲ್ಲಿ ಅವನು ತೀರಿಕೊಂಡ. 1983ರಲ್ಲಿ ಪದಕಗಳ ಪ್ರತಿರೂಪ ಅವನ ಮಕ್ಕಳ ಕೈ ಸೇರಿತು. ಅವನೊಬ್ಬನೇ ವಿಜೇತ ಅಂತ ಒಪ್ಪಿದ್ದು 2022ರಲ್ಲಿ. ಆದರೆ ಪುಸ್ತಕದಲ್ಲಿ ಹೆಸರಿಲ್ಲದ ಅಷ್ಟೂ ವರ್ಷ ಫೋಟೊಗಳಲ್ಲಿ ಅವನು ಇದ್ದೇ ಇದ್ದ.

ಹಳೆ ಫೋಟೊ ಕೊಳ್ಳುವವರು ಮೊದಲು ನೋಡುವುದು ಅದರ ಬೆನ್ನು. ಪತ್ರಿಕೆಗೆ ಹೋದ ಫೋಟೊ ಆದರೆ ಅಲ್ಲಿ ಸುದ್ದಿಸಂಸ್ಥೆಯ ಮುದ್ರೆ, ತಾರೀಕು, ಅಂಟಿಸಿದ ವಿವರದ ಚೀಟಿ ಇರಬಹುದು. ಫೋಟೊ ತೆಗೆದ ಕಾಲದಲ್ಲೇ ಮೂಲ ನೆಗೆಟಿವ್‌ನಿಂದ ಅಚ್ಚುಹಾಕಿದ ಪ್ರತಿಗೆ ಹೆಚ್ಚು ಬೆಲೆ. ಆಮೇಲಿನ ನಕಲಿಗೆ ಕಡಿಮೆ. ಕಾಗದವನ್ನು ನೇರಳಾತೀತ ದೀಪದ ಕೆಳಗೂ ಹಿಡಿಯುತ್ತಾರೆ. ಫೋಟೊ ಕಾಗದಕ್ಕೆ ಹೊಳಪುಕಾರಕ ಸೇರಿಸಲು ಶುರುಮಾಡಿದ್ದು 1950ರ ಸುಮಾರಿಗೆ. ಹಾಗಾಗಿ 1912ರದು ಅಂತ ಹೇಳುವ ಪ್ರತಿ ಆ ದೀಪಕ್ಕೆ ಫಳಫಳ ಹೊಳೆದರೆ ಅನುಮಾನ ಪಡಬೇಕು. ಹೊಳೆಯದಿದ್ದರೆ ಅಸಲಿ ಅಂತಲೂ ಅಲ್ಲ. ಉಳಿದ ಗುರುತುಗಳೂ ತಾಳೆಯಾಗಬೇಕು. ಇನ್ನೊಂದು ತೊಡಕು: 1951ರಲ್ಲಿ ಥಾರ್ಪ್‌ನ ಜೀವನದ ಮೇಲೆ ಸಿನಿಮಾ ಬಂತು. ಅದರ ಚಿತ್ರಗಳಲ್ಲಿ ಇರುವವನು ನಟ ಬರ್ಟ್ ಲ್ಯಾಂಕಾಸ್ಟರ್, ಥಾರ್ಪ್ ಅಲ್ಲ.

ಅಸಲಿ ಫೋಟೊ ಆದರೂ ಪೂರ್ತಿ ನಿಜ ಹೇಳುತ್ತದೆ ಅಂತಿಲ್ಲ. 1922-23ರಲ್ಲಿ ಥಾರ್ಪ್ ಓಹಿಯೊದ ಊರಾಂಗ್ ಇಂಡಿಯನ್ಸ್ ತಂಡದಲ್ಲಿದ್ದ. ತಂಡದ ಒಡೆಯ ನಾಯಿ ವ್ಯಾಪಾರಿ. ವಿರಾಮದಲ್ಲಿ ಆಟಗಾರರೇ ಪಂಗಡದ ಉಡುಪು ತೊಟ್ಟು ಕುಣಿಯಬೇಕು, ನಾಯಿಗಳ ಪ್ರದರ್ಶನವೂ ನಡೆಯಬೇಕು. ಆ ಫೋಟೊಗಳನ್ನು ನೋಡುವಾಗ, ಇದನ್ನು ತೆಗೆಸಿದವರು ಯಾರು, ಯಾರ ಲಾಭಕ್ಕೆ ಅಂತ ಕೇಳಿಕೊಳ್ಳಬೇಕು.

ನಮ್ಮ ಮನೆ ಟ್ರಂಕುಗಳಲ್ಲೂ ಹಳೆ ಫೋಟೊಗಳಿವೆ. ಮುಖ ಗುರುತಿಸಬಲ್ಲ ಅಜ್ಜ ಅಜ್ಜಿ ಇರುವಾಗಲೇ ಕೇಳಿ, ಹೆಸರು, ಊರು, ವರ್ಷವನ್ನು ಹಿಂಬದಿ ಪೆನ್ಸಿಲಿನಲ್ಲಿ ಮೆತ್ತಗೆ ಬರೆದಿಡೋಣ. ಹೆಸರಿಲ್ಲದ ಫೋಟೊದಲ್ಲಿ ಮುಖ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.